ಅಂಕಿಗಳಿಲ್ಲದ ಹೊಲಿಗೆ ಅಂಗಡಿ

ನಿವೃತ್ತಿಯಾಗಿ ಬಳ್ಳಾರಿಗೆ ಬಂದ ಮೇಲೆ ಮೊದಲ ಸಲ ಇಲ್ಲಿಯ ಅಂಗಡಿಯೊಂದಕ್ಕೆ ರವಿಕೆ ಹೊಲಿಸಲು ಹೋದೆ. ಅಂಗಡಿಯಾಕೆ ನನ್ನ ಮೈಗೆ ಟೇಪು ಸುತ್ತಿದಳು. ಮೂಲೆಯಲ್ಲಿ ಪುಸ್ತಕ ಹಿಡಿದು ಕುಳಿತಿದ್ದ ತಂಗಿಗೆ ಕೇಳಿಸಲೆಂದು ‘ಎದೆ ನಲವತ್ತೆರಡು!’ ಎಂದು ಕೂಗಿದಳು. ಹೆಂಡತಿಗಾಗಿ ಕಾಯುತ್ತ ನಿಂತಿದ್ದ ಗಂಡಸೊಬ್ಬ ಫೋನಿನಿಂದ ತಲೆ ಎತ್ತಿ ನೋಡಿದ. ಅರವತ್ತು ದಾಟಿದವಳಾದರೇನು, ನಾಚಿಕೆಗೂ ನಿವೃತ್ತಿಯುಂಟೆ? ಸೊಂಟದ ಸರದಿ ಬರುವ ಮೊದಲೇ ‘ಬ್ಯಾಡವ್ವ, ನಾಳೆ ಅಳತೆ ರವಿಕೇನ ತರ್ತೀನಿ’ ಎಂದು ಹೊರಬಿದ್ದೆ.

ಗಡಿಯಾಚೆ ಆಂಧ್ರದ ಆದೋನಿಯಲ್ಲಿ ಇಪ್ಪತ್ತೆರಡು ವರ್ಷ ನನ್ನ ರವಿಕೆ ಹೊಲಿದವಳು ಒಂದು ದಿನವೂ ಒಂದು ಅಂಕಿಯನ್ನು ಬಾಯಿಬಿಟ್ಟು ಹೇಳಿದವಳಲ್ಲ. ಆವತ್ತು ಮನೆಗೆ ಬಂದವಳೇ ಅವಳಿಗೆ ಫೋನ್ ಹಚ್ಚಿದೆ. ‘ನಿನ್ನ ಬಗ್ಗೆ ಬರೀಬೇಕು ಅಂತ ಮಾಡೀನಿ, ಬರೀಲೇನ?’ ಎಂದು ಕೇಳಿದೆ.

‘ಬರೀರಿ ಟೀಚರಮ್ಮ. ಹೆಸರು ಮಾತ್ರ ಬ್ಯಾಡ.’

‘ಯಾಕ, ಇನ್ನೂ ಅಂಜಿಕಿ ಐತೇನು?’

‘ಅಂಜಿಕಿ ಎಲ್ಲಿದ್ರಿ ಈಗ? ಹೆಸರು ಹಾಕಿದ್ರ ಒಬ್ಬಾಕಿ ಕಥಿ ಆಕ್ಕೈತಿ. ನನ್ನಂಥಾರು ಭಾಳ ಮಂದಿ ಅದಾರ.’

ಹೀಗೆ ಒಪ್ಪಿಗೆ ಸಿಕ್ಕಿದ್ದರಿಂದ ಬರೆಯುತ್ತಿದ್ದೇನೆ.

ನಾನು ಆದೋನಿಯ ಕನ್ನಡ ಮಾಧ್ಯಮ ಹೈಸ್ಕೂಲಿನಲ್ಲಿ ಲೆಕ್ಕದ ಟೀಚರಾಗಿದ್ದೆ. ನಮ್ಮದು ಪೂಜೆ, ಪಾರಾಯಣ, ಸರ್ಕಾರಿ ನೌಕರಿ ಎಂದು ತಲೆತಲಾಂತರದಿಂದ ಪುಸ್ತಕ ಹಿಡಿದು ಬದುಕಿದ ಮನೆತನ. ನಮ್ಮ ಮನೆಗೂ ಅವಳ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಅವಳು ಮದ್ದಿಕೇರದ ಕಡೆಯ ಹಳ್ಳಿಯವಳು, ಕುರಿ ಸಾಕುವವರ ಮಗಳು. ಗಂಡ ಆದೋನಿಯಿಂದ ಪೆದ್ದಹರಿವಾಣಕ್ಕೆ ಷೇರ್ ಆಟೋ ಹೊಡೆಯುತ್ತಿದ್ದ. ಮದುವೆಯಾಗಿ ಬಂದ ಎರಡನೆಯ ತಿಂಗಳೇ ಮನೆಯ ಮುಂದಿನ ಕೋಣೆಯಲ್ಲಿ ಮಿಷನ್ ಹಾಕಿಕೊಂಡಳು. ಬೀದಿಯ ಹೆಂಗಸರು ಮೊದಮೊದಲು ಹೊಸ ಸೊಸೆಯ ಮುಖ ನೋಡಲು ಹೋದರು, ಆಮೇಲೆ ರವಿಕೆಗಾಗಿಯೇ ಹೋದರು.

ಅವಳ ಕೊರಳಲ್ಲಿ ಟೇಪು ಇರುತ್ತಿತ್ತು. ಆದರೆ ಅಳೆಯುತ್ತಿದ್ದದ್ದು ನೂಲಿನಿಂದ. ಉದ್ದನೆಯ ಗಟ್ಟಿ ನೂಲೊಂದನ್ನು ತೆಗೆದುಕೊಂಡು ಭುಜದಿಂದ ಶುರುಮಾಡಿ, ಅಲ್ಲೊಂದು ಗಂಟು, ಎದೆಗೊಂದು ಗಂಟು, ಸೊಂಟಕ್ಕೊಂದು, ತೋಳಿಗೊಂದು ಹಾಕುತ್ತ ಹೋಗುತ್ತಿದ್ದಳು. ಯಾವ ಗಂಟು ಯಾವುದರದ್ದು ಎಂಬ ಕ್ರಮ ಒಮ್ಮೆಯೂ ತಪ್ಪುತ್ತಿರಲಿಲ್ಲ. ನೂಲಿನ ತುದಿಗೆ ಆ ಹೆಂಗಸಿನ ಬಟ್ಟೆಯದೇ ಒಂದು ಚೂರು ಕಟ್ಟಿ ಗೋಡೆಯ ಮೊಳೆಗೆ ತೂಗುಹಾಕುತ್ತಿದ್ದಳು. ಒಂದೊಂದು ಓಣಿಗೆ ಒಂದೊಂದು ಮೊಳೆ. ಬಟ್ಟೆ ಕತ್ತರಿಸುವಾಗ ನೂಲನ್ನು ಅದರ ಮೇಲೆ ಹಾಸಿ, ಗಂಟು ಬಿದ್ದಲ್ಲಿ ಸೀಮೆಸುಣ್ಣದ ಗುರುತು ಹಾಕಿದರೆ ಮುಗಿಯಿತು. ಅವಳ ರವಿಕೆ ಮೈಗೆ ಕೂತಂತೆ ಯಾವ ಟೇಪಿನವರದ್ದೂ ಕೂರುತ್ತಿರಲಿಲ್ಲ.

ಯಾರಾದರೂ ತೋಳು ಏಳು ಇಂಚು ಇರಲಿ ಎಂದರೆ, ‘ಇಂಚು ಗಿಂಚು ನನಗ ಬ್ಯಾಡವ್ವ, ಎಲ್ಲಿತನ ಬರಬೇಕು, ಕೈ ಮುಟ್ಟಿ ತೋರ್ಸು’ ಎನ್ನುತ್ತಿದ್ದಳು. ಎದೆಯ ಅಳತೆಯನ್ನು ಕೂಗಿ ಹೇಳದ ಅಂಗಡಿ ಎಂದು ದಪ್ಪಗಿದ್ದವರು, ಸಣ್ಣಗಿದ್ದವರು, ಬಾಣಂತಿಯರು ಎಲ್ಲ ನೆಮ್ಮದಿಯಿಂದ ಬರುತ್ತಿದ್ದರು. ನನಗೆ ಮಾತ್ರ ಚೇಷ್ಟೆ ಮಾಡುವಳು: ‘ಟೀಚರಮ್ಮ, ದೀಪಾವಳಿಯಿಂದ ಎರಡು ಸಲ ನಿಮ್ಮ ಗಂಟು ಸರಿಸೀನಿ. ಮನ್ಯಾಗ ಹೋಳಿಗಿ ಕಮ್ಮಿ ಮಾಡ್ರಿ!’

ಇದೊಂದು ಸ್ಟೈಲು ಎಂದೇ ನಾವೆಲ್ಲ ತಿಳಿದಿದ್ದೆವು. ನಂಬದೆ ಏನು ಮಾಡಬೇಕು? ಓದು ಬರದವಳಲ್ಲ. ಕನ್ನಡ, ತೆಲುಗು ಎರಡೂ ಪತ್ರಿಕೆಗಳನ್ನು ಗಡಗಡ ಓದುವಳು. ಮಧ್ಯಾಹ್ನ ಅತ್ತೆಗೆ ಧಾರಾವಾಹಿ ಕಾದಂಬರಿ ಓದಿ ಹೇಳುವಳು. ಆ ದನಿ ಕೇಳಲು ರಜೆಯ ದಿನ ನಾನೂ ಗೋಡೆಯ ಈಚೆ ಬಂದು ಕೂರುತ್ತಿದ್ದೆ. ಸುದ್ದಿಯಲ್ಲಿ ಅಂಕಿ ಬಂದರೆ ಮಾತ್ರ ‘ಭಾಳ ಮಂದಿ’, ‘ಹೋದ ವರ್ಷ ಯಾವಾಗೋ’ ಎಂದು ಹಾರಿಸಿ ಮುಂದೆ ಹೋಗುತ್ತಿದ್ದಳು. ಬೆರಳು ಮಡಿಚಿ ಎಣಿಸಬಹುದಾದಷ್ಟು ಹೇಗೋ ನಡೆಯುತ್ತಿತ್ತು, ಅದನ್ನು ದಾಟಿದರೆ ಇಲ್ಲ. ದುಡ್ಡನ್ನು ಅತ್ತೆಯೇ ಈಸಿಕೊಳ್ಳುತ್ತಿದ್ದಳು. ಅಂಗಡಿಯಲ್ಲಿ ಗಡಿಯಾರವಿತ್ತು, ಆದರೆ ಅವಳು ಹೇಳುವುದು ‘ಶಾಲಿ ಬಿಟ್ಟ ಮ್ಯಾಲ ಬರ್ರಿ’, ‘ನೀರು ಬಿಟ್ಟ ಹೊತ್ತಿಗೆ ಬರ್ರಿ’ ಎಂದು. ಫೋನಿನಲ್ಲಿ ಹೆಸರಿನ ಪಕ್ಕಕ್ಕೆಲ್ಲ ಮುಖದ ಫೋಟೋ. ಇದನ್ನೆಲ್ಲ ನಾನು ದಿನವೂ ನೋಡಿದೆ. ಲೆಕ್ಕದ ಟೀಚರಾಗಿದ್ದೂ ಕೂಡಿಸಿ ನೋಡಲಿಲ್ಲ, ಅದಕ್ಕೇನು ಹೇಳೋಣ!

ಒಮ್ಮೆ ಚಿಪ್ಪಗಿರಿಯಲ್ಲಿ ಅವಳ ಸೋದರಮಾವನ ಮಗಳ ಮದುವೆ. ಇವಳು ರೇಷ್ಮೆ ಸೀರೆ ಉಟ್ಟು, ಮದುಮಗಳಿಗೆ ಹೊಲಿದ ರವಿಕೆ ಹಿಡಿದು ಹೋದಾಗ ಅಲ್ಲಿ ಶಾಮಿಯಾನಾ ಮಡಚುತ್ತಿದ್ದರು. ಇವಳಿಗೆ ತಾರೀಖು ತಪ್ಪಿತ್ತು, ಮದುವೆ ಹಿಂದಿನ ದಿನವೇ ಆಗಿಹೋಗಿತ್ತು. ಬಸ್ಸು ಕೆಟ್ಟಿತೆಂದು ಅಲ್ಲೊಂದು ಸುಳ್ಳು ಹೇಳಿ, ಉಳಿದ ಬೂಂದಿ ತಿಂದು, ಪಾತ್ರೆ ತೊಳೆದುಕೊಟ್ಟು ಬಂದಳು. ನಮ್ಮ ಬೀದಿಯಲ್ಲಿ ಮಾತ್ರ ಮದುವೆ ಎಷ್ಟು ಚೆನ್ನಾಗಿತ್ತೆಂದು ಬಣ್ಣಿಸಿದಳು, ತಾಳಿ ಕಟ್ಟುವಾಗ ಹುಡುಗನ ಕೈ ನಡುಗಿದ್ದನ್ನೂ ಬಿಡಲಿಲ್ಲ. ಇದನ್ನು ಆಮೇಲೆ ಅವಳೇ ನನಗೆ ಹೇಳಿದಳು. ನಾನು ಬಿದ್ದು ಬಿದ್ದು ನಕ್ಕೆ, ಅವಳೂ ನಕ್ಕಳು. ನಗು ನಿಂತ ಮೇಲೆ, ‘ದಿನಾ ಒಂದು ಸುಳ್ಳು ಹುಡುಕಬೇಕ್ರಿ ಟೀಚರಮ್ಮ, ತಲಿ ಸವದು ಹೋಗ್ತೈತಿ’ ಎಂದಳು.

ಅದನ್ನೆಲ್ಲ ನನಗೆ ಹೇಳುವಂತಾದದ್ದು ನಾನು ಮಾಡಿದ ಒಂದು ಘನಕಾರ್ಯದಿಂದ. ಅದನ್ನೂ ಬರೆಯಲೇಬೇಕು.

ಒಂದು ಬೇಸಗೆ ರಜೆಯಲ್ಲಿ ಅವಳು ಅಕ್ಕನ ಮೊಮ್ಮಗುವಿನ ತೊಟ್ಟಿಲಿಗೆಂದು ಮದ್ದಿಕೇರಕ್ಕೆ ಹೋದಳು. ಯಾರಾದರೂ ಬಂದರೆ ಹೊಲಿದ ಬಟ್ಟೆ ಕೊಡಲಿ ಎಂದು ಅಂಗಡಿಯ ಬೀಗದ ಕೈ ನನಗೆ ಕೊಟ್ಟಿದ್ದಳು. ರಜೆಯಲ್ಲಿ ಲೆಕ್ಕದ ಟೀಚರಿಗೆ ಕೈ ಸುಮ್ಮನಿರುತ್ತದೆಯೇ? ಪಾಪ, ಹಳ್ಳಿಯ ಹುಡುಗಿ, ಯಾರೂ ಸರಿಯಾಗಿ ಹೇಳಿಕೊಟ್ಟಿಲ್ಲ, ನಾನು ಅನುಕೂಲ ಮಾಡಿಕೊಡೋಣ ಎಂದುಕೊಂಡೆ. ಒಂದು ಉದ್ದನೆಯ ರಿಜಿಸ್ಟರು ತಂದು ಕೆಂಪು ಶಾಯಿಯಲ್ಲಿ ಗೆರೆ ಹೊಡೆದೆ. ಮೊಳೆಯಿಂದ ಒಂದೊಂದೇ ನೂಲು ಇಳಿಸಿ, ಗಂಟಿನಿಂದ ಗಂಟಿಗೆ ಟೇಪು ಹಿಡಿದು, ಬಟ್ಟೆಯ ಚೂರನ್ನು ಹಾಳೆಗೆ ಅಂಟಿಸಿ, ಎಲ್ಲರ ಅಳತೆಯನ್ನೂ ಮುತ್ತಿನಂಥ ಅಕ್ಷರದಲ್ಲಿ ಬರೆದೆ. ನಾಲ್ಕು ದಿನ ಹಿಡಿಯಿತು. ಇಷ್ಟಕ್ಕೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ನಮ್ಮ ಮನೆಗಳಲ್ಲಿ ನೂಲನ್ನು ಬಿಸಾಡುವ ರೂಢಿಯಿಲ್ಲ; ಪೊಟ್ಟಣ ಕಟ್ಟಿ ಬಂದ ದಾರವನ್ನೂ ದೇವರ ಹೂ ಕಟ್ಟಲಿಕ್ಕೆಂದು ಸುತ್ತಿಡುತ್ತೇವೆ. ಹಾಗೆಯೇ ಕೂತು ಎಲ್ಲ ಗಂಟುಗಳನ್ನೂ ಉಗುರಿನಿಂದ ಬಿಚ್ಚಿ, ಅಷ್ಟೂ ನೂಲನ್ನು ಒಂದೇ ಉಂಡೆಯಾಗಿ ಸುತ್ತಿ, ರಿಜಿಸ್ಟರಿನ ಪಕ್ಕದಲ್ಲಿ ಇಟ್ಟೆ.

ಅವಳು ಬಂದಳು. ಬರಿಯ ಮೊಳೆಗಳನ್ನು ನೋಡಿದಳು. ನಾನು ಹಿಗ್ಗಿನಿಂದ ರಿಜಿಸ್ಟರು ತೆರೆದು ತೋರಿಸಿದೆ. ಅವಳು ಹಾಳೆ ತಿರುಗಿಸಿದಳು, ಮತ್ತೆ ತಿರುಗಿಸಿದಳು, ಮಿಷನ್ ಪಕ್ಕ ನೆಲದ ಮೇಲೆ ಕುಕ್ಕರಿಸಿದಳು. ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದೆ.

‘ಟೀಚರಮ್ಮ, ಇವು ನನಗ ನಿಲ್ಲಂಗಿಲ್ರಿ’ ಎಂದಳು.

‘ಏನು ನಿಲ್ಲಂಗಿಲ್ಲ?’

‘ಅಂಕಿ. ನೋಡೂತನಾ ಇರ್ತಾವ, ಕಣ್ಣು ತಗದ್ರ ಹೋಗ್ತಾವ. ಮೂವತ್ತಾರು ಅಂತೀರಿ, ಅದು ದೊಡ್ಡದೋ ಸಣ್ಣದೋ ನನಗ ತಿಳಿಯಂಗಿಲ್ಲ. ಸಣ್ಣಾಕಿ ಇದ್ದಾಗಿಂದ ಹಿಂಗ.’

ಆಮೇಲೆ ನನ್ನ ಎರಡೂ ಕೈ ಹಿಡಿದುಕೊಂಡಳು. ‘ನಮ್ಮ ಮನ್ಯಾಗ ಯಾರಿಗೂ ಹೇಳಬ್ಯಾಡ್ರಿ. ನಿಮ್ಮ ಕಾಲು ಬೀಳ್ತೀನಿ.’

ಕಾರಣವಿತ್ತು. ಅವಳು ಆ ಮನೆಗೆ ಬರುವ ಮುಂಚೆ ಗಂಡನ ಅಣ್ಣನ ಹೆಂಡತಿಯನ್ನು ‘ತಲಿ ಸರಿಯಿಲ್ಲ’ ಎಂದು ತವರಿಗೆ ಕಳಿಸಿದ್ದರು. ಒಲೆಯ ಮೇಲೆ ಇಟ್ಟದ್ದನ್ನು ಮರೆಯುತ್ತಿದ್ದಳಂತೆ, ಅಷ್ಟೇ ಅವಳ ತಪ್ಪು. ಆ ಮಾತನ್ನು ಅತ್ತೆ ಮನೆಯಲ್ಲಿ ಆಗಾಗ ಆಡುವಳು. ಗೊತ್ತಾದರೆ ಮುಂದಿನ ಸರದಿ ತನ್ನದೇ ಎಂದು ಇವಳು ತಿಳಿದಿದ್ದಳು.

ಪೆದ್ದಹರಿವಾಣದ ಒಂದು ಮನೆಯ ಮದುವೆ ರವಿಕೆಗಳು ಆ ವಾರದಲ್ಲೇ ಆಗಬೇಕಿತ್ತು. ರಿಜಿಸ್ಟರು ನೋಡಿ ನಾನೇ ಮತ್ತೆ ಗಂಟು ಹಾಕಿಕೊಡುತ್ತೇನೆಂದರೆ, ತನ್ನ ಕೈಯಿಂದ ಹಾಕದ ಗಂಟನ್ನು ನಂಬಲು ಅವಳು ಒಪ್ಪಲಿಲ್ಲ. ಗಂಡನ ಆಟೋದಲ್ಲಿ ತಾನೇ ಊರೂರು ತಿರುಗಿ ಮತ್ತೆ ಅಳತೆ ತೆಗೆದಳು, ನಾನೂ ನೂಲು ಹಿಡಿದುಕೊಂಡು ಹಿಂದೆ ಹಿಂದೆ ನಡೆದೆ. ಹಳೆಯ ನೂಲು ಏನಾಯಿತೆಂದು ಕೇಳಿದವರಿಗೆಲ್ಲ ‘ಇಲಿ ಕಡದಾವ’ ಎಂದಳು. ನನ್ನ ಹೆಸರನ್ನು ಎಲ್ಲಿಯೂ ಹೇಳಲಿಲ್ಲ. ಆ ಇಲಿ ನಾನೇ.

ಆ ತಿರುಗಾಟದಲ್ಲಿ, ಗಂಡನ ಕಿವಿಗೆ ಬೀಳದಂತೆ, ಅವಳು ತನ್ನ ಅಪ್ಪನ ವಿಷಯ ಹೇಳಿದಳು. ಸಂಜೆ ಕುರಿಗಳು ಹಟ್ಟಿಗೆ ಬಂದಾಗ ಅಣ್ಣಂದಿರು ಎಣಿಸುತ್ತ ತಪ್ಪುತ್ತಿದ್ದರಂತೆ. ಅಪ್ಪ ಇವಳನ್ನು ಬೇಲಿಯ ಬಾಯಲ್ಲಿ ನಿಲ್ಲಿಸಿ ‘ಯಾವುದು ಬಂದಿಲ್ಲ ನೋಡವ್ವ’ ಎನ್ನುತ್ತಿದ್ದ. ಇವಳು ಒಂದು ಸಲ ಕಣ್ಣಾಡಿಸಿ, ಕಿವಿ ಹರಿದದ್ದು ಬಂದಿಲ್ಲ, ಅದರ ಮರಿಯೂ ಬಂದಿಲ್ಲ ಎಂದು ಹೇಳುತ್ತಿದ್ದಳು. ‘ಎಷ್ಟು ಅಂತ ನಮ್ಮಪ್ಪ ಎಂದೂ ಕೇಳಲಿಲ್ರಿ. ಕೇಳಿದ್ದು ಶಾಲ್ಯಾಗಿನ ಮಾಸ್ತರು. ಆರನೇ ಕ್ಲಾಸಿಗೆ ಬಿಟ್ಟೆ.’

ಅವಳಿಗೆ ಇದ್ದದ್ದಕ್ಕೆ ಒಂದು ಹೆಸರಿದೆ ಎಂದು ನನಗೆ ಗೊತ್ತಾದದ್ದು ಮತ್ತೆ ಎರಡು ವರ್ಷದ ಮೇಲೆ, ಟೀಚರುಗಳಿಗೆ ನಡೆಸಿದ ಒಂದು ತರಬೇತಿಯಲ್ಲಿ. ಅಂಥ ತರಬೇತಿಗಳಲ್ಲಿ ನಾವು ಹಿಂದಿನ ಸಾಲಿನಲ್ಲಿ ಕೂತು ಉತ್ತರಪತ್ರಿಕೆ ತಿದ್ದುವವರು. ಆ ದಿನ ಮಾತಾಡಿದ ಹೆಂಗಸು ಹೇಳಿದ ಒಂದು ಮಾತಿಗೆ ಮಾತ್ರ ನನ್ನ ಪೆನ್ನು ನಿಂತಿತು. ಕೆಲವರಿಗೆ ಬುದ್ಧಿ ಚೆನ್ನಾಗಿಯೇ ಇರುತ್ತದೆ. ಓದೋ ಬರಹವೋ ಲೆಕ್ಕವೋ ಯಾವುದೋ ಒಂದು ಮಾತ್ರ ಎಷ್ಟು ತಿಣುಕಿದರೂ ಕೈಗೆ ಹತ್ತುವುದಿಲ್ಲ. ಇದು ಸೋಮಾರಿತನವಲ್ಲ, ಪೆದ್ದುತನವೂ ಅಲ್ಲ, ಕಲಿಕೆಯ ನ್ಯೂನತೆ. ದೊಡ್ಡವರಾದ ಮೇಲೂ ಇದು ಹೋಗುವುದಿಲ್ಲ, ದೊಡ್ಡವರು ಮುಚ್ಚಿಡುವುದನ್ನು ಕಲಿತಿರುತ್ತಾರೆ, ಅಷ್ಟೇ. ಮನೆತನದಲ್ಲಿ ಒಬ್ಬರಿಂದ ಒಬ್ಬರಿಗೆ ಬರುವುದೂ ಉಂಟು. ಹೀಗೆ ಅವರು ಹೇಳುತ್ತಿದ್ದರೆ ನನ್ನ ಕಣ್ಣ ಮುಂದೆ ಬಂದವಳು ನನ್ನ ಟೈಲರಮ್ಮ.

ಅವಳಿಗೊಬ್ಬಳು ಮಗಳಿದ್ದಳು, ಆ ಮಗಳು ಮಾತ್ರ ನನ್ನ ಕಣ್ಣ ಮುಂದೆ ಬರಲಿಲ್ಲ. ಅದೇ ನನ್ನ ಕುರುಡು. ಆ ಹುಡುಗಿ ನನ್ನ ಕ್ಲಾಸಿನಲ್ಲೇ, ನನ್ನ ಕಣ್ಣೆದುರೇ ಎರಡನೇ ಬೆಂಚಿನಲ್ಲಿ ಕೂರುತ್ತಿದ್ದಳು. ಒಂಬತ್ತನೇ ತರಗತಿ. ಪದ್ಯವನ್ನು ಒಮ್ಮೆ ಕೇಳಿದರೆ ಸಾಕು, ಒಪ್ಪಿಸುವಳು. ಲೆಕ್ಕದಲ್ಲಿ ಸೊನ್ನೆ. ಬಡ್ಡಿ ಲೆಕ್ಕ ಮಾಡದೆ ಬಂದಳೆಂದು ನಾನು ಅವಳನ್ನು ಬಿಸಿಲಿಗೆ ಹೊರಗೆ ನಿಲ್ಲಿಸಿದ್ದೇನೆ. ಒಂದು ದಿನವಲ್ಲ, ಎಷ್ಟೋ ದಿನ. ನಮ್ಮೂರಿನ ಬಿಸಿಲು ಎಂಥದ್ದೆಂದು ಅಲ್ಲಿ ನಿಂತವರಿಗೇ ಗೊತ್ತು.

ಅವಳು ಹತ್ತನೇ ತರಗತಿಗೆ ಬಂದ ವರ್ಷ ಮನೆಯಲ್ಲಿ ಅಜ್ಜಿ ಹಟ ಹಿಡಿದಳು. ‘ಲೆಕ್ಕ ಬರಲಾರದಾಕಿಗೆ ಶಾಲಿ ಯಾಕ? ಮಿಷನ್ ಮ್ಯಾಲ ಕುಂದ್ರಲಿ. ಮುಂದಿನ ವರ್ಷ ಗಂಡು ನೋಡೂನು.’ ಅಪ್ಪನೂ ಹೂಂ ಎನ್ನತೊಡಗಿದ. ಆ ಹುಡುಗಿಗೆ ಓದುವ ಆಸೆ, ತಾಯಿಗೆ ಓದಿಸುವ ಆಸೆ, ನಡುವೆ ಅಡ್ಡ ನಿಂತದ್ದು ಲೆಕ್ಕದ ಪೇಪರು. ಒಂದು ಸಂಜೆ ಗೋಡೆಯ ಆಚೆಯಿಂದ ಪಟಪಟ ಹೊಡೆದ ಸದ್ದು ಕೇಳಿತು. ಹೋಗಿ ನೋಡಿದರೆ ಹೊಡೆಯುತ್ತಿದ್ದವಳು ನಮ್ಮ ಟೈಲರಮ್ಮ. ಕೈಯಲ್ಲಿ ಬಟ್ಟೆಗೆ ಗೆರೆ ಎಳೆಯುವ ಮರದ ಪಟ್ಟಿ, ಎದುರಿಗೆ ಮಗ್ಗಿ ಪುಸ್ತಕ.

ಮಗಳನ್ನು ನಮ್ಮ ಮನೆಗೆ ಕಳಿಸಿ, ‘ಏ, ನಿನಗ ಬುದ್ಧಿ ಗಿದ್ಧಿ ಐತೇನು? ನೀನು ಹೊಡೀತೀಯಾ? ಎಲ್ಲಾ ಬಿಟ್ಟು ನೀನು?’ ಎಂದು ಕೂಗಾಡಿದೆ.

ಪಟ್ಟಿಯನ್ನು ಕೆಳಗಿಟ್ಟಳು. ‘ನಾನs ಹೊಡೀಬೇಕ್ರಿ. ನನ್ನಂಗ ಆಗಬಾರದು ಆಕಿ’ ಎಂದವಳೇ ಸೆರಗು ಬಾಯಿಗೆ ಒತ್ತಿ ಅತ್ತಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಆಗ ನನಗೆ ತರಬೇತಿಯ ಮಾತು ನೆನಪಾಯಿತು. ತಾಯಿಗೆ ಇದ್ದದ್ದೇ ಮಗಳಿಗೂ! ಮರುದಿನವೇ ನಾಲ್ಕು ಕಡೆ ವಿಚಾರಿಸಿದೆ. ಕರ್ನೂಲಿನ ದೊಡ್ಡಾಸ್ಪತ್ರೆಯಲ್ಲಿ ಪರೀಕ್ಷೆ ಮಾಡಿ ಸರ್ಟಿಫಿಕೇಟು ಕೊಡುತ್ತಾರೆಂದೂ, ಅದಿದ್ದರೆ ಹತ್ತನೆಯ ಪರೀಕ್ಷೆಯಲ್ಲಿ ಹೆಚ್ಚು ಹೊತ್ತು, ಒಂದಿಷ್ಟು ರಿಯಾಯಿತಿ ಸಿಗುವುದೆಂದೂ ತಿಳಿಯಿತು. ಹುಡುಗಿಯ ಅಪ್ಪನಿಗೆ ಹೇಳಿ ಒಪ್ಪಿಸಿದೆ. ಟೀಚರಮ್ಮ ಹೇಳಿದರೆ ಅವನು ಇಲ್ಲ ಎನ್ನುವವನಲ್ಲ. ಹೊರಡುವ ಹಿಂದಿನ ದಿನ ಟೈಲರಮ್ಮ ಗೋಡೆಯ ಹತ್ತಿರ ಬಂದು ನಿಂತಳು.

‘ಡಾಕ್ಟರು ನನ್ನ ಕೇಳ್ತಾರೇನ್ರಿ?’

‘ಕೇಳಬಹುದು. ಮನ್ಯಾಗ ಮತ್ತ ಯಾರಿಗರ ಐತೇನು ಅಂತ ಕೇಳ್ತಾರಂತ.’

‘ಅಲ್ಲಿ ಅವರಪ್ಪ ಇರ್ತಾನ.’

‘ಇರ್ತಾನ. ನೀನು ಹೇಳಿದ್ರ ಹೇಳು, ಬಿಟ್ಟರ ಬಿಡು. ನಾನಂತೂ ಬಾಯಿ ಬಿಡಂಗಿಲ್ಲ’ ಎಂದೆ. ಅವಳು ಒಳಗೆ ಹೋದಳು.

ಮುಂದೆ ಏನಾಯಿತೆಂದು ಮೊದಲೇ ಹೇಳಿಬಿಡುತ್ತೇನೆ, ಕುತೂಹಲ ಕಾಯ್ದಿಡುವ ಆಸೆ ನನಗಿಲ್ಲ. ಸರ್ಟಿಫಿಕೇಟು ಸಿಕ್ಕಿತು, ಹುಡುಗಿ ಪಾಸಾದಳು. ಕನ್ನಡ ತೆಗೆದುಕೊಂಡು ಡಿಗ್ರಿ ಮುಗಿಸಿ ಈಗ ಬಿ.ಎಡ್. ಮಾಡುತ್ತಿದ್ದಾಳೆ. ತಾಯಿ ವರ್ಷಗಟ್ಟಲೆ ಯಾರಿಗೆ ಹೆದರಿ ಮುಚ್ಚಿಟ್ಟಿದ್ದಳೋ ಆ ಅತ್ತೆ, ವಿಷಯ ಗೊತ್ತಾದಾಗ ಎಲೆಗೆ ಸುಣ್ಣ ಸವರುತ್ತ, ‘ನನಗೂ ಗಡಿಯಾರ ನೋಡಾಕ ಬರಂಗಿಲ್ಲ, ನನ್ನ ಯಾರರ ಹೊರಗ ಹಾಕ್ಯಾರೇನು?’ ಎಂದಳು! ಹಿರಿಯ ಸೊಸೆಯನ್ನು ಹೊರಗೆ ಹಾಕಿದ್ದು ತಾನೇ ಎಂಬುದು ಆ ಕ್ಷಣಕ್ಕೆ ಮುದುಕಿಗೆ ನೆನಪಿರಲಿಲ್ಲ. ಟೈಲರಮ್ಮ ಅಂಗಡಿಯಲ್ಲಿ ಈಗಲೂ ನೂಲಿನಿಂದಲೇ ಅಳೆಯುತ್ತಾಳೆ, ಯಾರಾದರೂ ಯಾಕೆಂದು ಕೇಳಿದರೆ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾಳೆ. ಇದೆಲ್ಲ ಸರಿ. ಆದರೆ ನಾನು ಅವಳನ್ನು ದೊಡ್ಡ ಮನುಷ್ಯಳು ಎಂದು ಒಪ್ಪಿಕೊಂಡದ್ದು ಇದಕ್ಕೆಲ್ಲ ಮುಂಚೆ, ಕರ್ನೂಲಿನ ಆ ದಿನ.

ಬೆಳಗಿನ ಬಸ್ಸಿಗೆ ಹೋದೆವು. ಹುಡುಗಿಯನ್ನು ಒಳಗೆ ಕೂಡಿಸಿಕೊಂಡು ಎರಡು ತಾಸು ಏನೇನೋ ಬರೆಸಿದರು, ಜೋಡಿಸಿದರು, ಓದಿಸಿದರು. ಆಮೇಲೆ ನಮ್ಮನ್ನೆಲ್ಲ ಕರೆದರು. ಡಾಕ್ಟರು ನಡುವಯಸ್ಸಿನ ಹೆಂಗಸು, ತೆಲುಗಿನವರು. ನಿಮ್ಮ ಮನೆಯಲ್ಲಿ ಮತ್ತೆ ಯಾರಿಗಾದರೂ ಹೀಗೆ ಅಂಕಿಗಳ ತೊಂದರೆ ಇದೆಯೇ ಎಂದು ತೆಲುಗಿನಲ್ಲಿ ಕೇಳಿದರು.

ಗಂಡ ಹೆಗಲ ಮೇಲಿನ ಟವೆಲು ಸರಿಮಾಡಿಕೊಂಡು, ‘ಲೇದು ಮೇಡಂ. ಮಾ ಇಂಟ್ಲೋ ಅಲಾಂಟಿವಾಳ್ಳು ಎವರೂ ಲೇರು’ ಎಂದ. ನಮ್ಮ ಮನೆಯಲ್ಲಿ ಅಂಥವರು ಯಾರೂ ಇಲ್ಲ ಎಂದರ್ಥ. ಹುಡುಗಿ ತಲೆ ತಗ್ಗಿಸಿದಳು. ಆ ಮನೆಯಲ್ಲಿ ಅಂಥವಳು ತಾನೊಬ್ಬಳೇ ಎಂದು ಆ ಮಗುವಿಗೆ ಆ ಕ್ಷಣ ಅನಿಸಿರಬೇಕು. ಡಾಕ್ಟರು ಬರೆದುಕೊಳ್ಳಲು ಪೆನ್ನು ಎತ್ತಿದರು.

‘ನೇನು ಉನ್ನಾನು ಮೇಡಂ’ ಎಂದಳು ಅವಳು. ನಾನಿದ್ದೀನಿ.

ಗಂಡ ತಿರುಗಿ ನೋಡಿದ. ಅವಳು ಅವನ ಮುಖ ನೋಡಿಯೇ ಕನ್ನಡದಲ್ಲಿ ಹೇಳಿದಳು, ‘ನನಗ ಐತಿ. ಹುಟ್ಟಿದಾಗಿಂದ ಐತಿ. ನಿಮಗ ಹೇಳಿಲ್ಲ. ತಾರೀಖು ತಿಳಿಯಂಗಿಲ್ಲ, ಗಡಿಯಾರ ತಿಳಿಯಂಗಿಲ್ಲ, ಟೇಪು ತಿಳಿಯಂಗಿಲ್ಲ. ಆಕಿಗೆ ಬಂದಿದ್ದು ನನ್ನಿಂದ.’

ಅವನು ಹೆಗಲ ಮೇಲಿನ ಟವೆಲನ್ನು ಕೈಗೆ ತೆಗೆದುಕೊಂಡ. ‘ಇಷ್ಟು ವರ್ಷ ಒಂದ ಮನ್ಯಾಗ ಅದೀವಿ. ನನಗೊಂದು ಮಾತು ಹೇಳಬಾರದಾ?’ ಎಂದ. ಸಿಟ್ಟಿರಲಿಲ್ಲ ಆ ದನಿಯಲ್ಲಿ. ನೊಂದುಕೊಂಡಿದ್ದ, ಪಾಪ.

ಕಾಗದ ಬರುವವರೆಗೆ ಹೊರಗೆ ಕಾಯಲು ಹೇಳಿದರು. ಅಲ್ಲಿ ಬೆಂಚಿನ ಮೇಲೆ ಕೂತವರು, ಗೋಡೆಗೆ ಒರಗಿ ನಿಂತವರು, ಜನವೋ ಜನ. ಹುಡುಗಿ ತಾಯಿಯ ಎದುರು ನಿಂತಳು.

‘ಅವ್ವಾ, ನಿನಗೂ ನನ್ನಂಗs ಐತೇನು?’

‘ಹೂಂ.’

‘ಮೊದಲಿಂದ?’

‘ಮೊದಲಿಂದ.’

‘ಮತ್ತ ನನ್ನ ಯಾಕ ಹೊಡದಿ?’

ಅವಳಿಗೆ ಸುಳ್ಳಿನ ಬರವಿರಲಿಲ್ಲ. ಬೇಕಾದರೆ ಅಲ್ಲೇ ಒಂದು ಹುಡುಕಿಕೊಳ್ಳಬಹುದಿತ್ತು. ನಾನೂ ಅದನ್ನೇ ಕಾಯುತ್ತಿದ್ದೆ ಎನ್ನಿ.

‘ಅಂಜಿಕ್ಯಾತವ್ವ. ನಿನಗ ನನ್ನ ಬಾಳುವೆ ಬರ್ತೈತಿ ಅಂತ ಅಂಜಿದೆ. ತಪ್ಪಾತು ನನ್ನ ಮಗಳs, ನಂದು ತಪ್ಪಾತು.’

ನಮ್ಮ ಕಡೆ ಹೆತ್ತವರು ಮಕ್ಕಳಿಗೆ ಹೀಗೆ ಹೇಳುವುದಿಲ್ಲ. ತಪ್ಪೆಂದು ಗೊತ್ತಾದರೆ ಊಟಕ್ಕೆ ಒಂದು ಚಮಚ ತುಪ್ಪ ಹೆಚ್ಚು ಹಾಕಿ ಸುಮ್ಮನಾಗುತ್ತೇವೆ. ಅವಳು ಗಂಡನ ಎದುರು, ಗುರುತಿಲ್ಲದ ಅಷ್ಟು ಮಂದಿಯ ಎದುರು ಹೇಳಿದಳು. ಹುಡುಗಿ ತಾಯಿಯ ಸೆರಗಿನಿಂದಲೇ ಮೂಗು ಒರೆಸಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿದಳು. ಏನೂ ಕೇಳಲಿಲ್ಲ. ಟೀಚರನ್ನು ಹಾಗೆ ಕೇಳುವ ಹುಡುಗಿಯರಲ್ಲ ನಮ್ಮ ಶಾಲೆಯವರು. ಸುಮ್ಮನೆ ನೋಡಿದಳು. ಮೂವತ್ತು ವರ್ಷ ಸೀಮೆಸುಣ್ಣ ಹಿಡಿದು ನಿಂತ ನಾನು ಒಂದು ಮಗುವಿಗೂ ಆ ಮಾತು ಹೇಳಿದವಳಲ್ಲ. ಅದನ್ನು ಹೇಗೆ ಹೇಳುವುದೆಂದು ಈಗಷ್ಟೇ ಕಲಿತಿದ್ದೆ.

‘ನಂದೂ ತಪ್ಪಾತವ್ವ’ ಎಂದೆ.